ಹಾಡಿದಾಕೆಯ ಹೆಸರು

ಮಂಗಳೂರು ಎಂದ ಕೂಡಲೆ ನಿಮ್ಮ ಕಣ್ಣ ಮುಂದೆ ಬರುವುದು ಕಡಲು, ಕೆಂಪು ಹಂಚಿನ ಮನೆಗಳು, ತೆಂಗಿನ ತೋಟ. ನಾನು ಹೇಳಹೊರಟಿರುವುದು ಆ ಊರಿನ ಮಾತಲ್ಲ. ಕೊಪ್ಪಳ ಜಿಲ್ಲೆಯಲ್ಲಿ, ಹಳೆಯ ಯಲಬುರ್ಗಾ ತಾಲ್ಲೂಕಿನಲ್ಲಿ ಇನ್ನೊಂದು ಮಂಗಳೂರು ಇದೆ. ಜೋಳ, ಸಜ್ಜೆ, ಕಡಲೆ ಬೆಳೆಯುವ ಬಿಸಿಲು ಸೀಮೆ ಅದು. ತಾಲ್ಲೂಕು, ಜಿಲ್ಲೆ ಸರಿಯಾಗಿ ಬರೆಯದೆ ಹಾಕಿದ ಕಾಗದ ಘಟ್ಟ ಇಳಿದು ಕಡಲ ತನಕ ಹೋಗಿ, ಎಂಟು ಹತ್ತು ದಿನ ಬಿಟ್ಟು ತಿರುಗಿ ಈ ಊರಿಗೆ ಬರುತ್ತಿತ್ತೆಂದು ನಮ್ಮ ಹಿರಿಯರು ಹೇಳಿ ನಗುತ್ತಿದ್ದರು. ಹೆಸರೊಂದು ಇದ್ದರೆ ಸಾಲದು, ಅದು ಯಾರದು, ಎಲ್ಲಿಯದು ಎಂಬುದೂ ಗೊತ್ತಿರಬೇಕು. ಹಾಡಿನ ವಿಷಯದಲ್ಲಿಯೂ ನನಗೆ ಹೇಳಬೇಕಾಗಿರುವುದು ಹೆಚ್ಚು ಕಡಿಮೆ ಇದೇ ಮಾತು.

ಇಂದು ನಮ್ಮ ಹೆಣ್ಣುಮಕ್ಕಳು ವಿಶ್ವವಿದ್ಯಾಲಯಕ್ಕೆ ಹೋಗಿ ಸಂಗೀತ ಓದುತ್ತಾರೆ. ಶಾಸ್ತ್ರದ ಪತ್ರಿಕೆ ಬರೆಯುತ್ತಾರೆ, ಪರೀಕ್ಷಕರ ಮುಂದೆ ತಂಬೂರಿ ಹಿಡಿದು ಹಾಡುತ್ತಾರೆ. ಕೆಲವರು ಮುಂದೆ ಮಹಾಪ್ರಬಂಧ ಬರೆದು ಡಾಕ್ಟರೂ ಆಗುತ್ತಾರೆ. ಜಾನಪದ ಓದುವ ಹುಡುಗಿಯರು ಹಳ್ಳಿ ಹಳ್ಳಿ ತಿರುಗಿ ಸೋಬಾನ ಪದ, ಬೀಸುವ ಪದ ಸಂಗ್ರಹಿಸುತ್ತಾರೆ. ನೋಡಿದರೆ ಸಂತೋಷವಾಗುತ್ತದೆ. ಆದರೆ ಈ ವಿದ್ಯೆ ವಿಶ್ವವಿದ್ಯಾಲಯದ ಒಳಗೆ ಬಂದದ್ದು ಯಾವ ದಾರಿಯಿಂದ ಎಂದು ಯೋಚಿಸಿದ್ದೀರಾ? ಬಹುಪಾಲು ಅದು ಬಂದದ್ದು ಶಾಲೆಯ ಮೆಟ್ಟಿಲು ಹತ್ತದ, ಇಲ್ಲವೆ ಹತ್ತಿ ಅರ್ಧಕ್ಕೇ ಇಳಿದುಬಂದ ಹೆಂಗಸರ ಕಂಠದಿಂದ. ಆ ಇತಿಹಾಸವನ್ನು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು.

ನಮ್ಮ ಸೀಮೆಗೆ ವಿಶ್ವವಿದ್ಯಾಲಯ ಎಂಬ ಮಾತೇ ಬಹಳ ದೂರದ್ದಾಗಿತ್ತು. 1916ರಲ್ಲಿ ಮೈಸೂರಿನಲ್ಲಿ ವಿಶ್ವವಿದ್ಯಾಲಯ ಆಯಿತು. ಅದು ಬೇರೆ ಅರಸರ ರಾಜ್ಯ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆಯಿತು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅದೇ ನಮ್ಮದು ಎನ್ನಬೇಕು. ಆದರೆ ಅಲ್ಲಿ ಕಲಿಸುವ ಭಾಷೆ ಉರ್ದು. ಊರಿನಲ್ಲಿ ಕನ್ನಡ ಶಾಲೆಯೇ ಅಪರೂಪವಾಗಿದ್ದಾಗ ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಓದುವವರು ಎಷ್ಟು ಮಂದಿ? ಹೆಣ್ಣುಮಕ್ಕಳ ಮಾತಂತೂ ಕೇಳುವುದೇ ಬೇಡ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಧಾರವಾಡ ನಮಗೆ ಹತ್ತಿರವೇ. ಆದರೂ 1956ರ ಏಕೀಕರಣದ ತನಕ ಗದಗು ಒಂದು ರಾಜ್ಯ, ಕೊಪ್ಪಳ ಇನ್ನೊಂದು ರಾಜ್ಯ.

ಗಡಿಯ ಕಾವಲು ಗಂಡಸರಿಗೆ, ಅವರ ಎತ್ತು ಬಂಡಿಗಳಿಗೆ ಇತ್ತೇ ಹೊರತು ಹಾಡಿಗೆ ಇರಲಿಲ್ಲ. ಗದಗು, ಮುಂಡರಗಿ ಕಡೆಯ ಹೆಣ್ಣು ಯಲಬುರ್ಗಾ ಕಡೆಗೆ ಸೊಸೆಯಾಗಿ ಬರುವಾಗ ತವರಿನ ಪದಗಳನ್ನು ಕಂಠದಲ್ಲಿ ಇಟ್ಟುಕೊಂಡೇ ಬರುತ್ತಿದ್ದಳು. ಇಲ್ಲಿಯ ಅತ್ತೆ, ನಾದಿನಿಯರ ಪದ ಕಲಿತು, ತನ್ನವನ್ನು ಅವರಿಗೆ ಕಲಿಸುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಇಬ್ಬರು ಕುಳಿತರೆ ಒಬ್ಬಳು ಎತ್ತಿಕೊಡುವುದು, ಇನ್ನೊಬ್ಬಳು ಹಿಡಿದುಕೊಳ್ಳುವುದು. ತಪ್ಪಿದರೆ ತಿದ್ದುವುದು, ಮರೆತರೆ ನೆನಪಿಸುವುದು. ಜೋಕುಮಾರನ ಪದ, ಗುಳ್ಳವ್ವನ ಪದ, ಸೀಗಿ ಹುಣ್ಣಿಮೆಯ ಪದ, ಆರತಿಯ ಪದ, ತೊಟ್ಟಿಲ ಪದ ಹೀಗೆ ವರ್ಷದ ಒಂದೊಂದು ಕಾಲಕ್ಕೆ, ಬಾಳಿನ ಒಂದೊಂದು ಹಂತಕ್ಕೆ ಒಂದೊಂದು ಪಾಠ. ಗುರು ಇದ್ದಳು, ಶಿಷ್ಯೆ ಇದ್ದಳು, ಅಭ್ಯಾಸವೂ ಇತ್ತು. ಇರದೇ ಇದ್ದದ್ದು ಪದವಿಪತ್ರ ಒಂದೇ.

ಈ ಪದಗಳನ್ನು ಬರೆದಿಡಬೇಕೆಂಬ ಯೋಚನೆ ಓದಿದವರಿಗೆ ಬಂದದ್ದು ತೀರ ಈಚೆಗೆ. 1885ರ ಸುಮಾರಿನಲ್ಲಿ ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ನಮ್ಮ ಕಡೆಯ ಕೆಲವು ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ಕೆಲವು ಬಂಡಾಯದ, ಯುದ್ಧದ ಪದಗಳು. ಹೆಂಗಸರು ಅಡುಗೆಮನೆಯಲ್ಲಿ ಹಾಡುವುದಕ್ಕೆ ಬೆಲೆ ಬಂದದ್ದು 1931ರಲ್ಲಿ. ಬಿಜಾಪುರ ಸೀಮೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರು ‘ಗರತಿಯ ಹಾಡು’ ಎಂಬ ಪುಸ್ತಕ ತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರನ್ನೆಲ್ಲ ಕನ್ನಡಿಗರು ಮರೆಯುವಂತಿಲ್ಲ. ಹೆಂಗಸರ ಹಾಡು ಕಾವ್ಯ ಎಂದು ಪಂಡಿತರು ಒಪ್ಪಿಕೊಳ್ಳುವಂತೆ ಮಾಡಿದವರು ಅವರು. ಅವರ ಊರಿನಲ್ಲಿ ಕಾಲೇಜು ಇರಲಿಲ್ಲ, ಕೈಯಲ್ಲಿ ಹಣ ಇರಲಿಲ್ಲ, ಇದ್ದದ್ದು ಪ್ರೀತಿ.

ಧಾರವಾಡದ ವಿಶ್ವವಿದ್ಯಾಲಯ ಬಂದ ಕೆಲವೇ ವರ್ಷಗಳಲ್ಲಿ ಈ ಪ್ರೀತಿ ಪದವಿಯ ವಿಷಯವೂ ಆಯಿತು. 1955ರಲ್ಲಿ ಬಿ. ಎಸ್. ಗದ್ದಗಿಮಠರು ಕನ್ನಡ ಜನಪದ ಗೀತೆಗಳ ಮೇಲೆ ಮಹಾಪ್ರಬಂಧ ಬರೆದು ಕರ್ನಾಟಕ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಕನ್ನಡದ ಜಾನಪದಕ್ಕೆ ಸಿಕ್ಕ ಮೊದಲ ಡಾಕ್ಟರೇಟ್ ಅದು. ಬೀಸುವ ಕಲ್ಲಿನ ಮುಂದಿನ ಪದ ವಿಶ್ವವಿದ್ಯಾಲಯದ ಪರೀಕ್ಷಕರ ಮೇಜಿನ ಮೇಲೆ ಹೋಗಿ ಕುಳಿತದ್ದು ಸಣ್ಣ ಮಾತಲ್ಲ. ಆ ಮೇಲೆ ಮೈಸೂರಿನಲ್ಲಿ, ಧಾರವಾಡದಲ್ಲಿ, 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಹೀಗೆ ಎಲ್ಲ ಕಡೆ ವಿದ್ಯಾರ್ಥಿಗಳು ಹಳ್ಳಿಯ ಹಾಡಿನ ಬೆನ್ನು ಹತ್ತಿದರು.

ಇಲ್ಲಿ ಒಂದು ಪ್ರಶ್ನೆ. ಸಂಗ್ರಹಿಸಿದವರ ಹೆಸರು ನಮಗೆಲ್ಲ ಬಾಯಿಪಾಠ. ಪರೀಕ್ಷೆಯಲ್ಲಿಯೂ ಕೇಳುತ್ತಾರೆ. ಹಾಡಿದ ಗರತಿಯರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಹೆಸರಿನ ಮಾತು ಒತ್ತಟ್ಟಿಗಿರಲಿ, ಹಾಡನ್ನು ಬರೆದುಕೊಳ್ಳುವಾಗ ಇನ್ನೂ ಎಷ್ಟೋ ಉದುರಿಹೋಗುತ್ತದೆ. ತ್ರಿಪದಿಯನ್ನೇ ನೋಡಿ. ಪುಸ್ತಕದಲ್ಲಿ ಅದು ಮೂರು ಸಾಲು. ಆದರೆ ಹಾಡುವಾಗ ಎರಡನೆಯ ಸಾಲು ತಿರುಗಿ ಬರುತ್ತದೆ. ಕಿವಿಗೆ ನಾಲ್ಕು ಸಾಲಾಗಿ ಕೇಳುತ್ತದೆ. ಕಲ್ಲು ಒಂದು ಸುತ್ತು ತಿರುಗುವಷ್ಟು ಹೊತ್ತಿಗೆ ಇಷ್ಟು ಮಾತು, ಉಸಿರು ತೆಗೆದುಕೊಳ್ಳುವಾಗ ಒಂದು ‘ಯವ್ವಾ’, ಒಂದು ‘ತಾಯಿ’. ಎತ್ತಿಕೊಡುವಾಕೆ ಸಾಲಿನ ಕೊನೆಗೆ ದನಿ ಇಳಿಸುವಾಗಲೇ ಹಿಡಿದುಕೊಳ್ಳುವಾಕೆ ದನಿ ಎತ್ತುತ್ತಾಳೆ. ಇದೆಲ್ಲ ಸಂಗೀತ. ಮೂರು ಸಾಲು ಬರೆದುಕೊಂಡು ಎದ್ದರೆ ಸಾಹಿತ್ಯ ಬಂತು, ಸಂಗೀತ ಅಲ್ಲಿಯೇ ಉಳಿಯಿತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಹಾಡುವ ಹೊತ್ತೇ ಇಲ್ಲವಾಯಿತು. ಗಿರಣಿ ಬಂದದ್ದಕ್ಕೆ ನಾನು ಕೊರಗುವುದಿಲ್ಲ. ರಟ್ಟೆ ನೋಯುವುದು ತಪ್ಪಿತು. ಆದರೆ ಉಳಿದ ಹಾಡು ಆಗಿನ ಮುದುಕಿಯರ ನೆನಪಿನಲ್ಲಿ ಮಾತ್ರ ಉಳಿದಿತ್ತು ಎಂಬುದನ್ನು ಮರೆಯಬಾರದು.

ಅಂಥ ಒಬ್ಬಾಕೆ ನನ್ನ ಸೋದರತ್ತೆ. ಮಂಗಳೂರಿಗೆ ಕೊಟ್ಟಿದ್ದರು. ಸುಮಾರು ಎಂಬತ್ತರ ದಶಕದಲ್ಲಿ ಒಬ್ಬ ವಿದ್ಯಾರ್ಥಿನಿ ಟೇಪ್ ರೆಕಾರ್ಡರ್ ಹಿಡಿದುಕೊಂಡು ಆಕೆಯ ಮನೆಗೆ ಬಂದಳು. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಬೇಡ. ಒಳ್ಳೆಯ ಹುಡುಗಿ, ಹಿರಿಯರಿಗೆ ಮರ್ಯಾದೆ ಕೊಟ್ಟು ಮಾತಾಡುತ್ತಿದ್ದಳು. ಮೂರು ಸಂಜೆ ಅತ್ತೆ ಹಾಡಿದಳು. ಆ ಮೂರೂ ದಿನ ಆ ಹುಡುಗಿಗೆ ಉಣ್ಣಲಿಕ್ಕೆ ಇಕ್ಕಿದವಳೂ ಅವಳೇ. ರೊಟ್ಟಿ ತಟ್ಟುತ್ತಲೇ, “ಯವ್ವಾ, ನಿನ್ನ ಪೆಟಿಗ್ಯಾಗ ನನ್ನ ಪದ ಎಲ್ಲಾ ಕುಂತಾವೇನ? ಒಂದೀಟು ಕೇಳಸಲ್ಲ” ಎಂದಳಂತೆ. ಹುಡುಗಿ ಕೇಳಿಸಿದಳು. ತನ್ನ ದನಿಯನ್ನು ತಾನೇ ಕೇಳಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ, “ಇದಕ್ಕ ನನ್ನ ಹೆಸರು ಬರಕೊಂಡಿ ಹೌದಿಲ್ಲೊ?” ಎಂದು ಕೇಳಿದಳು. “ಬರಕೊಂಡೀನಿ ಆಯಿ” ಎಂದು ಹುಡುಗಿ ಹೇಳಿದಳು.

ಕೆಲವು ವರ್ಷಗಳ ಮೇಲೆ ಆ ಹಾಡುಗಳಲ್ಲಿ ಎರಡನ್ನು ನಾನು ಒಂದು ಸಂಕಲನದಲ್ಲಿ ಕಂಡೆ. ಅತ್ತೆಯ ಬಾಯಲ್ಲಿ ಕೇಳಿ ಬೆಳೆದವಳು ನಾನು. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಹಾಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಒಬ್ಬ ಮುದುಕಿ, ಮಂಗಳೂರು’ ಎಂದಷ್ಟೇ ಇತ್ತು. ಹಿಂದಿನ ಪುಟದ ವಿವರಣೆಯಲ್ಲಿ ಸಂಪಾದಕರು ಅವನ್ನು ದಕ್ಷಿಣ ಕನ್ನಡದ ಹಾಡುಗಳ ಸಾಲಿಗೆ ಸೇರಿಸಿದ್ದರು! ಜೋಳದ ಹೊಲದ ಹೆಣ್ಣು ಹೋಗಿ ಕಡಲ ತೀರದಲ್ಲಿ ನಿಂತಿದ್ದಳು. ಯಾರಲ್ಲಿಯೂ ಕೆಟ್ಟ ಉದ್ದೇಶ ಇರಲಿಲ್ಲ. ಒಬ್ಬರ ಟಿಪ್ಪಣಿಯಿಂದ ಇನ್ನೊಬ್ಬರ ಪುಸ್ತಕಕ್ಕೆ ಹೋಗುವಾಗ ಹೆಸರು ಬಿಟ್ಟುಹೋಯಿತು, ತಾಲ್ಲೂಕು ಬಿಟ್ಟುಹೋಯಿತು, ಅಷ್ಟೇ. ಆದರೆ ಅಷ್ಟರಿಂದಲೇ ಆ ಹಾಡಿನ ಭಾಷೆ, ಬೆಳೆ, ದೇವರು, ನಂಟಸ್ತಿಕೆ ಎಲ್ಲ ಅನಾಥವಾದವು. ಅತ್ತೆಯ ಹೆಸರನ್ನು ನಾನು ಇಲ್ಲಿ ಬರೆಯಬಹುದಿತ್ತು. ಬರೆಯುವುದಿಲ್ಲ. ಅದು ಇರಬೇಕಾದ ಜಾಗ ನನ್ನ ಪ್ರಬಂಧ ಅಲ್ಲ, ಆಕೆಯ ಹಾಡಿನ ಕೆಳಗೆ.

ಶಾಸ್ತ್ರದಲ್ಲಿ ಇಂಥ ಹಾಡುಗಾರ್ತಿಗೆ ‘ವಕ್ತೃ’ ಎನ್ನುತ್ತಾರೆ. ಹೇಳುವವಳು, ಅಂದರೆ ಮಾಹಿತಿ ಕೊಡುವವಳು. ಸಂಗೀತಗಾರ್ತಿ ಎನ್ನುವುದಿಲ್ಲ. ಈ ಎರಡು ಮಾತಿನ ನಡುವೆ ಇರುವ ಅಂತರವನ್ನು ದಾಟಿದ ಕೆಲವರಾದರೂ ನಮ್ಮ ಕಡೆ ಇದ್ದಾರೆ. ಅವರಲ್ಲಿ ಮೊದಲು ನೆನಪಾಗುವವರು ಗಂಗೂಬಾಯಿ ಹಾನಗಲ್ಲ.

ಗಂಗೂಬಾಯಿ 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದರು. ಹುಟ್ಟಿನ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಹಾಡುವ ಹೆಂಗಸರ ಮನೆತನ ಎಂಬ ಕಾರಣಕ್ಕೆ ಓಣಿಯ ಜನರ ಕುಹಕದ ಮಾತುಗಳನ್ನು ಚಿಕ್ಕಂದಿನಿಂದಲೇ ಕೇಳಬೇಕಾಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರಿಗೆ ಹಾಡಿದ ಹುಡುಗಿಯರಲ್ಲಿ ಅವರೂ ಒಬ್ಬರು. ಐದನೆಯ ತರಗತಿಗೆ ಶಾಲೆ ಮುಗಿಯಿತು. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಿರಾಣಾ ಘರಾಣೆಯ ಗಾಯನ ಕಲಿತರು. ಮನೆ, ಮಕ್ಕಳು, ಸಾಲದ ತೊಂದರೆ ಇವೆಲ್ಲದರ ನಡುವೆ ಕಲಿತ ವಿದ್ಯೆ ಅದು. ಕರ್ನಾಟಕ ವಿಶ್ವವಿದ್ಯಾಲಯ ಅವರನ್ನು ಸಂಗೀತದ ಗೌರವ ಪ್ರಾಧ್ಯಾಪಕಿಯಾಗಿ ಕರೆಯಿತು, ಗೌರವ ಡಾಕ್ಟರೇಟನ್ನೂ ಕೊಟ್ಟಿತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. 2009ರ ಜುಲೈ 21ರಂದು ಅವರು ತೀರಿಕೊಂಡರು. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು. ಐದನೆಯ ತರಗತಿ ಓದಿದ ಹೆಂಗಸಿನ ಹೆಸರು ಹೊತ್ತ ಪದವಿಪತ್ರವನ್ನು ಇಂದು ನಮ್ಮ ಮಕ್ಕಳು ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ.

ಅಕ್ಷರದ ಹಂಗಿಲ್ಲದೆ ಸಂಗೀತ ಕಲಿಸಬಹುದೆಂಬುದಕ್ಕೆ ನಾವು ಹುಬ್ಬಳ್ಳಿಯ ತನಕ ಹೋಗಬೇಕಾಗಿಯೂ ಇಲ್ಲ. ಕೊಪ್ಪಳದ ನೆರೆಯಲ್ಲಿಯೇ ಗದಗಿನ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಆಶ್ರಮವನ್ನು ನಡೆಸಿ, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಕಿವಿಯಿಂದ ಕಿವಿಗೆ, ಕಂಠದಿಂದ ಕಂಠಕ್ಕೆ ಅಲ್ಲಿ ಎಷ್ಟೋ ಬಡ, ಅಂಧ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡರು. ಬರೆಯದಿದ್ದದ್ದೆಲ್ಲ ಅವಿದ್ಯೆ ಎಂದು ತಿಳಿದವರು ಅಲ್ಲಿಗೊಮ್ಮೆ ಹೋಗಿ ಬರಬೇಕು.

ಆದರೆ ನೀವು ಒಂದು ಮಾತು ಕೇಳಬಹುದು. ರಾಗ ಹಾಡುವವರಿಗೆ ಘರಾಣೆ ಇದೆ, ಗುರುವಿನ ಹೆಸರಿದೆ. ವಿಶ್ವವಿದ್ಯಾಲಯ ಅವರನ್ನು ಕರೆಯುವುದು ಸುಲಭ. ಬೀಸುವ ಪದ, ಕಥೆಯ ಪದ ಹಾಡುವವರನ್ನು ಯಾರು ಕರೆದಾರು? ಅದಕ್ಕೂ ನಮ್ಮ ಸೀಮೆಯಲ್ಲಿಯೇ ಉತ್ತರ ಇದೆ. 1991ರಲ್ಲಿ ಹಂಪಿಯ ಬಗಲಿಗೆ ಕನ್ನಡ ವಿಶ್ವವಿದ್ಯಾಲಯ ಆಯಿತು. ಕವಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಗಂಗಾವತಿಯವರಿಗೆ ಹೊಳೆ ದಾಟಿದರೆ ಆ ವಿಶ್ವವಿದ್ಯಾಲಯ. ಅದು ಕೊಡುವ ಗೌರವ ಪದವಿಗೆ ‘ನಾಡೋಜ’ ಎಂದು ಹೆಸರು. ಓಜ ಎಂದರೆ ಕಲಿಸುವವನು. ನಾಡೋಜ ಎಂದರೆ ನಾಡಿಗೇ ಗುರು. 2003ರಲ್ಲಿ ಆ ಪದವಿ ದರೋಜಿ ಈರಮ್ಮನವರಿಗೆ ಸಂದಿತು.

ದರೋಜಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಊರು. ಈರಮ್ಮ ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದ ಹೆಣ್ಣುಮಗಳು. ಓದು ಬರಹ ಬರುತ್ತಿರಲಿಲ್ಲ. ಕೈಯಲ್ಲಿ ತಂಬೂರಿ ಹಿಡಿದು, ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮನವರ ಮೇಳದೊಂದಿಗೆ ಬುರ್ರಕಥೆ ಹಾಡುತ್ತಿದ್ದರು. ಹನ್ನೆರಡು ಮಹಾಕಾವ್ಯ ಅವರ ನೆನಪಿನಲ್ಲಿದ್ದವು. ಬರೆದರೆ ಸಾವಿರಾರು ಪುಟ. ಒಂದೊಂದು ಕಥೆಯನ್ನು ರಾತ್ರಿಗಟ್ಟಲೆ ಹಾಡಬಲ್ಲವರಾಗಿದ್ದರು. ಅವುಗಳಲ್ಲಿ ಕುಮಾರರಾಮನ ಕಾವ್ಯವೂ ಒಂದು. ಕುಮಾರರಾಮನ ಕುಮ್ಮಟದುರ್ಗ ಇರುವುದು ನಮ್ಮ ಗಂಗಾವತಿ ತಾಲ್ಲೂಕಿನಲ್ಲಿ. ಸುಮಾರು 1327ರಲ್ಲಿ ದಿಲ್ಲಿಯ ಸುಲ್ತಾನರ ಸೈನ್ಯಕ್ಕೆ ಆ ರಾಜ್ಯ ಬಿದ್ದುಹೋಯಿತು. ಕೋಟೆ ಕುಸಿದರೂ ಕಥೆ ಏಳುನೂರು ವರ್ಷ ಉಳಿದು ಬಂತು. ಉಳಿಸಿದವರಲ್ಲಿ ಇಂಥ ಅಕ್ಷರವಿಲ್ಲದ ಹಾಡುಗಾರರು, ಹಾಡುಗಾರ್ತಿಯರು ದೊಡ್ಡವರು. ಇತಿಹಾಸದ ಪ್ರಾಧ್ಯಾಪಕರು ಶಾಸನ ಓದುವಂತೆ ಜಾನಪದದ ವಿದ್ಯಾರ್ಥಿಗಳು ಈರಮ್ಮನ ಮುಂದೆ ಕುಳಿತು ಕೇಳಿ ಬರೆದುಕೊಂಡರು. ಈರಮ್ಮ 2014ರಲ್ಲಿ ತೀರಿಕೊಂಡರು. ಅವರು ಯಾರ ಪ್ರಬಂಧದಲ್ಲಿಯೂ ‘ಒಬ್ಬ ಮುದುಕಿ’ಯಾಗಿ ಉಳಿಯಲಿಲ್ಲ. ಹೆಸರು ಹೇಳಿದರೆ ಊರು, ಊರು ಹೇಳಿದರೆ ಹೆಸರು ನೆನಪಾಗುವ ಹಾಗೆ ಉಳಿದರು.

ಹೊರಗಿನ ದೇಶಗಳಲ್ಲಿ ಇದು ಹೇಗೆ ನಡೆಯಿತು ಎಂಬುದನ್ನೂ ಸ್ವಲ್ಪ ನೋಡೋಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಿಲ್ಮನ್ ಪ್ಯಾರಿ ಎಂಬ ಪ್ರಾಧ್ಯಾಪಕ 1933ರಿಂದ 1935ರ ತನಕ ಆಗಿನ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಹಾಡುಗಾರರನ್ನು ಹುಡುಕಿದ. ಅವನ ಜೊತೆಗೆ ಆಲ್ಬರ್ಟ್ ಲಾರ್ಡ್ ಎಂಬ ವಿದ್ಯಾರ್ಥಿ ಇದ್ದ. ಅವ್ದೊ ಮೆಜೆದೊವಿಚ್ ಎಂಬ ಕಟುಕರ ಕಸುಬಿನ, ಓದು ಬಾರದ ಮನುಷ್ಯ ಹನ್ನೆರಡು ಸಾವಿರಕ್ಕೂ ಹೆಚ್ಚು ಸಾಲಿನ ಕಾವ್ಯವನ್ನು ಅವರಿಗೆ ಹೇಳಿದ. ಹೋಮರನ ಕಾವ್ಯಗಳು ಕೂಡ ಹೀಗೆಯೇ ಹಾಡುತ್ತ ಹಾಡುತ್ತ ಕಟ್ಟಿದವು ಎಂಬ ವಾದ ಲೋಕಕ್ಕೆ ತಿಳಿದದ್ದು ಇಂಥ ಹಳ್ಳಿಗರ ಹಾಡುಗಳನ್ನು ಕೇಳಿಯೇ. 1974ರಲ್ಲಿ ಆ ಕಾವ್ಯವನ್ನು ಹಾರ್ವರ್ಡಿನವರು ಅಚ್ಚು ಹಾಕಿದಾಗ ಕವಿಯ ಜಾಗದಲ್ಲಿ ಅವ್ದೊನ ಹೆಸರೇ ಬಂತು. ಅಷ್ಟು ದೊಡ್ಡ ವಿದ್ವಾಂಸ ಲಾರ್ಡ್ ಅನುವಾದಕನ ಜಾಗದಲ್ಲಿ ನಿಂತ.

ಇನ್ನು ಆ ಕಡಲ ತೀರದ ಮಂಗಳೂರಿಗೆ ಬರೋಣ. ನಮ್ಮ ಹಾಡನ್ನು ತಪ್ಪಿ ತನ್ನ ಪಟ್ಟಿಗೆ ಸೇರಿಸಿಕೊಂಡ ನೆಲ ಅದಾದರೂ, ಆ ಸೀಮೆಯ ವಿದ್ವಾಂಸರಿಂದ ಕಲಿಯಬೇಕಾದ ಪಾಠ ಒಂದಿದೆ. ಉಜಿರೆಯ ಹತ್ತಿರದ ಮಾಚಾರು ಎಂಬಲ್ಲಿಯ ರೈತ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು 1990ರಲ್ಲಿ ಕೆಲವು ದಿನಗಳ ಕಾಲ ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ, ಅವರ ಪತ್ನಿ ಅನೆಲಿ, ಮಂಗಳೂರು ವಿಶ್ವವಿದ್ಯಾಲಯದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪಗೌಡ ಇವರೆಲ್ಲ ಸೇರಿ ಅದನ್ನು ಧ್ವನಿಮುದ್ರಿಸಿ ಸಾಲು ಸಾಲಾಗಿ ಬರೆದು ಅನುವಾದಿಸಿದರು. ಒಟ್ಟು 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಿಂದ ಅದು ಪುಸ್ತಕವಾಗಿ ಬಂದಾಗ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ ಎಂದೇ ಅದಕ್ಕೆ ಶೀರ್ಷಿಕೆ ಇಟ್ಟರು. ಹಾಡಿದವರ ಹೆಸರು ಒಳಗಿನ ಪುಟದ ಸಣ್ಣ ಅಕ್ಷರಕ್ಕೆ ಹೋಗಲಿಲ್ಲ, ಪುಸ್ತಕದ ಹೆಸರಿನೊಳಗೇ ಬಂತು.

ಜನಪದ ಎಂದರೆ ಎಲ್ಲರದೂ, ಅದಕ್ಕೆ ಕರ್ತೃ ಇಲ್ಲ, ಹೆಸರು ಏಕೆ ಬೇಕು ಎಂದು ಕೆಲವರು ವಾದಿಸುತ್ತಾರೆ. ಹಾಡು ಎಲ್ಲರದು ನಿಜ. ಹೋಳಿಗೆಯೂ ಎಲ್ಲರದೇ; ಹಾಗೆಂದು ಎಲ್ಲರ ಕೈ ಹೋಳಿಗೆಯೂ ಒಂದೇ ರುಚಿ ಇರುತ್ತದೆಯೇ? ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು, ಕೇಳುವವರಲ್ಲಿ ಬಾಣಂತಿ ಇದ್ದರೆ ಯಾವ ಪದ ಬಿಡಬೇಕು ಎಂಬುದು ಹಾಡುವಾಕೆಯ ಜಾಣತನ. ಪ್ರತಿ ಸಲ ಹಾಡುವಾಗಲೂ ಆಕೆ ಹೊಸದಾಗಿ ಕಟ್ಟುತ್ತಾಳೆ. ಒಂದೇ ರಾಗವನ್ನು ಗಂಗೂಬಾಯಿ ಹಾಡಿದರೆ ಗಂಗೂಬಾಯಿಯ ಗಾಯನ ಎನ್ನುತ್ತೇವಲ್ಲ, ರಾಗ ಎಲ್ಲರದು ಎಂದು ಅವರ ಹೆಸರನ್ನು ಬಿಡುತ್ತೇವೆಯೇ?

ಇನ್ನು ಹೆಂಗಸರೇ ಹೆಸರಿಗೆ ನಾಚುತ್ತಾರೆ ಎಂಬ ಮಾತೂ ಇದೆ. ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುವವರು ನಾವು. ಆದರೆ ಒಡಪನ್ನು ಸರಿಯಾಗಿ ಕೇಳಿ. ಎಷ್ಟೊಂದು ಸೊಗಸಾದ ಮಾತು ಪೋಣಿಸಿ ಕೊನೆಗೆ ಹೆಸರು ಹೇಳಿಯೇ ಹೇಳುತ್ತಾರೆ. ಅಲ್ಲಿಯ ತನಕ ಬಾಗಿಲು ಬಿಡುವುದಿಲ್ಲ. ಹೆಸರಿಗೆ ಬೆಲೆ ಇದೆ ಎಂಬುದು ನಮ್ಮ ಹೆಂಗಸರಿಗೆ ಚೆನ್ನಾಗಿಯೇ ಗೊತ್ತು. ಹೇಳಬೇಡ ಎಂದರೆ ಬಿಡಬೇಕು, ಅದು ಆಕೆಯ ಇಷ್ಟ. ಆದರೆ ಕೇಳದೆ ಬಿಡುವುದು ಬೇರೆ.

ಈಗ ಕಾಲ ಬದಲಾಗಿದೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಆಯಿತು. 2023ರಲ್ಲಿ ಕೊಪ್ಪಳಕ್ಕೂ ಒಂದು ವಿಶ್ವವಿದ್ಯಾಲಯ ಬಂತು, ಅದೂ ಹಳೆಯ ಯಲಬುರ್ಗಾ ತಾಲ್ಲೂಕಿನ ತಳಕಲ್ಲಿನಲ್ಲಿ, ಮಂಗಳೂರಿಗೆ ದೂರವಲ್ಲದ ಜಾಗದಲ್ಲಿ. ಹೊಸ ವಿಶ್ವವಿದ್ಯಾಲಯಗಳನ್ನು ನಡೆಸಬೇಕೋ, ಹಳೆಯವುಗಳಲ್ಲಿ ಸೇರಿಸಬೇಕೋ ಎಂಬ ಚರ್ಚೆ 2025ರಲ್ಲಿ ಜೋರಾಗಿ ನಡೆಯಿತು. ಹಣ, ಕಟ್ಟಡ, ಅಧ್ಯಾಪಕರ ಲೆಕ್ಕ ಹೇಳುವುದು ನನ್ನ ಕೆಲಸವಲ್ಲ. ಒಂದನ್ನು ಮಾತ್ರ ಹೇಳಬಲ್ಲೆ: ಹೈದರಾಬಾದಿನ ಕಡೆ ಮುಖ ಮಾಡಿ ಕುಳಿತಿದ್ದ ಸೀಮೆಗೆ, ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರದಲ್ಲಿ ಓದುವ ಜಾಗ ಇರುವುದು ಹೆಣ್ಣುಮಕ್ಕಳ ಪಾಲಿಗೆ ಬಹಳ ದೊಡ್ಡ ಮಾತು. ಬೆಳಗ್ಗೆ ತರಗತಿಯಲ್ಲಿ ಪಾಠ ಕೇಳಿದ ಹುಡುಗಿ ಸಂಜೆ ತನ್ನ ಅಜ್ಜಿಯ ಪಕ್ಕದಲ್ಲಿಯೇ ಕುಳಿತು ಹಾಡು ಕೇಳಬಹುದು. ಸಂಶೋಧನೆಗೆ ಇದಕ್ಕಿಂತ ಅನುಕೂಲ ಯಾವುದಿದೆ?

ಟೇಪ್ ರೆಕಾರ್ಡರ್ ಹೊರುವ ಕಷ್ಟವೂ ಈಗ ಇಲ್ಲ. ಪ್ರತಿಯೊಬ್ಬ ಹುಡುಗಿಯ ಕೈಯಲ್ಲಿ ಮೊಬೈಲ್ ಇದೆ. ದನಿಯನ್ನೂ ಹಿಡಿಯುತ್ತದೆ, ಮುಖವನ್ನೂ ಹಿಡಿಯುತ್ತದೆ. ಹಿಡಿಯುವುದು ಸುಲಭವಾದಷ್ಟೂ ಹೆಸರು ಬಿಟ್ಟುಹೋಗುವುದೂ ಸುಲಭ. ಅದಕ್ಕೇ ನಾನು ಸಂಶೋಧನೆಗೆ ಹೊರಡುವ ಹುಡುಗಿಯರಿಗೆ ನಾಲ್ಕು ಮಾತು ಹೇಳುತ್ತೇನೆ. ಹಾಡು ಶುರುವಾಗುವ ಮೊದಲು ಹಾಡುವಾಕೆಯ ಹೆಸರು, ತವರೂರು, ಗಂಡನ ಊರು, ತಾಲ್ಲೂಕು ಆಕೆಯ ದನಿಯಲ್ಲಿಯೇ ಮುದ್ರಿಸಿಕೊಳ್ಳಿ. ಆ ಹಾಡು ಆಕೆಗೆ ಯಾರಿಂದ ಬಂತೆಂದು ಕೇಳಿ. ಘರಾಣೆ ಅಲ್ಲಿಯೂ ಇರುತ್ತದೆ. ಬರೆದದ್ದನ್ನು ಆಕೆಗೆ ಓದಿ ಹೇಳಿ, ಪುಸ್ತಕವಾದರೆ ಒಂದು ಪ್ರತಿ ಆಕೆಯ ಮನೆಗೆ ಮುಟ್ಟಿಸಿ. ಕೊನೆಯದಾಗಿ, ಒಂದು ಹಾಡನ್ನಾದರೂ ಆಕೆಯ ಮುಂದೆ ಕುಳಿತು ಬಾಯಿಂದ ಕಲಿಯಿರಿ, ಆಕೆ ‘ಆತು, ಈಗ ಬಂತು’ ಎನ್ನುವ ತನಕ. ಆ ಮಾತು ಪರೀಕ್ಷಕರು ಕೊಡುವ ಅಂಕಕ್ಕಿಂತ ಕಡಿಮೆಯದಲ್ಲ.

ವಿಶ್ವವಿದ್ಯಾಲಯಗಳಿಗೂ ಒಂದು ಮಾತು. ವಿಚಾರ ಸಂಕಿರಣದ ಕೊನೆಗೆ ಹತ್ತು ನಿಮಿಷ ಹಳ್ಳಿಯ ಹೆಂಗಸರನ್ನು ವೇದಿಕೆಗೆ ಕರೆದು ಹಾಡಿಸಿ, ಶಾಲು ಹೊದಿಸಿ, ಬಸ್ಸು ಹತ್ತಿಸಿ ಕಳಿಸುವುದು ಮರ್ಯಾದೆಯಲ್ಲ. ಸಂಕಿರಣದಲ್ಲಿ ಪ್ರಬಂಧ ಓದುವವರಿಗೆ ಕೊಡುವಷ್ಟು ಹೊತ್ತನ್ನು, ಅಷ್ಟೇ ಸಂಭಾವನೆಯನ್ನು ಹಾಡುವವರಿಗೂ ಕೊಡಬೇಕು. ಕರಪತ್ರದಲ್ಲಿ ‘ಜನಪದ ಕಲಾವಿದರಿಂದ ಗಾಯನ’ ಎಂದು ಒಟ್ಟಿನಲ್ಲಿ ಬರೆದು ಮುಗಿಸದೆ, ಅತಿಥಿಗಳ ಹೆಸರು ಅಚ್ಚಾಗುವ ಅಕ್ಷರದಲ್ಲಿಯೇ ಅವರ ಹೆಸರೂ ಅಚ್ಚಾಗಬೇಕು.

ಮನೆಯಲ್ಲಿ ಕುಳಿತು ಇದನ್ನು ಓದುವ ನಮಗೂ ಮಾಡುವ ಕೆಲಸ ಇದೆ. ನಿಮ್ಮ ಮನೆಯಲ್ಲಿ, ತವರಿನಲ್ಲಿ, ಪಕ್ಕದ ಓಣಿಯಲ್ಲಿ ಹಾಡು ಬಲ್ಲ ಒಬ್ಬ ಹಿರಿಯಳು ಇದ್ದೇ ಇರುತ್ತಾಳೆ. ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆಯದೆ ಉಳಿದ ಹಾಳೆಗಳು ಇದ್ದೇ ಇರುತ್ತವೆ. ಒಂದು ಮಧ್ಯಾಹ್ನ ಆಕೆಯ ಹತ್ತಿರ ಕುಳಿತು ಆ ಹಾಳೆಯಲ್ಲಿ ಆಕೆಗೆ ಬರುವ ಹಾಡೊಂದನ್ನು ಬರೆದುಕೊಳ್ಳಿ. ಹಾಡಿಗಿಂತ ಮೊದಲು, ಮೇಲಿನ ಸಾಲಿನಲ್ಲಿ, ಆಕೆಯ ಪೂರ್ತಿ ಹೆಸರು ಬರೆಯಿರಿ. ಅದರ ಕೆಳಗೆ ಊರು, ತಾಲ್ಲೂಕು, ಜಿಲ್ಲೆ ಬರೆಯುವುದನ್ನು ಮರೆಯಬೇಡಿ.